ಮೇಲಿನ ಮನೆಗೆ ರಿಜಿಸ್ಟರ್ಡ್ ಪತ್ರ

ಅಲ್ಪವಿದ್ಯೆ ಮಹಾಗರ್ವಿ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಎಷ್ಟು ಅಲ್ಪ ಎಂಬುದನ್ನು ಮಾತ್ರ ಹೇಳಿಲ್ಲ. ನಮ್ಮ ಡಬ್ಬಿ ಸಾಹುಕಾರರ ವಿಷಯದಲ್ಲಿ ಅದು ಸರಿಯಾಗಿ ನಾಲ್ಕು ಗಂಟೆ, ನಡುವಿನ ಚಹಾ ವಿರಾಮವೂ ಸೇರಿ.

ಡಬ್ಬಿ ಸಾಹುಕಾರರು ಎಂದರೆ ರಟ್ಟಿನ ಡಬ್ಬಿ ಮಾಡಿಸುವವರು. ಚಪ್ಪಲಿಯ ಡಬ್ಬಿ, ಔಷಧಿಯ ಡಬ್ಬಿ, ಬಲ್ಬಿನ ಡಬ್ಬಿ, ಹೀಗೆ ಒಳಗೆ ಏನಿದ್ದರೂ ಹೊರಗೆ ಅವರಿರುತ್ತಿದ್ದರು. ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ಕಾರ್ಖಾನೆ, ನಡುವೆ ಸಾಹುಕಾರರ ಸಂಸಾರ, ಮೇಲೆ ಅವರ ಅಕ್ಕ ಮತ್ತು ಬಾವ. ಕಾರ್ಖಾನೆಯಲ್ಲಿ ಕೆಲಸಗಾರರು ಹದಿನಾಲ್ಕು ಜನ. ಅವರಲ್ಲಿ ರಟ್ಟು ಕತ್ತರಿಸುವ ಮೇಸ್ತ್ರಿ ಎಂದರೆ ಈ ಬಾವನವರೇ. ಅವರ ಕಣ್ಣಳತೆ ಅಂಥಿಂಥದಲ್ಲ. ಒಂದು ಜೊತೆ ಚಪ್ಪಲಿಯನ್ನು ದೂರದಿಂದ ನೋಡಿ ರಟ್ಟಿನ ಮೇಲೆ ಗೀರು ಹಾಕಿದರೆ ಆಮೇಲೆ ಸ್ಕೇಲು ಇಟ್ಟು ನೋಡಿದವರಿಗೇ ನಾಚಿಕೆಯಾಗುತ್ತಿತ್ತು. ಹೊಸಬರು ಯಾರಾದರೂ ಬಂದರೆ ಅವರ ಉದ್ದ, ಅಗಲ, ಎತ್ತರವನ್ನೂ ಒಮ್ಮೆ ಕಣ್ಣಲ್ಲೇ ಅಳೆದು ಆಮೇಲೆ ಕೂರಲು ಹೇಳುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದೆ ಸಾಹುಕಾರರು ಒಂದು ಹಳೆಯ ಕತ್ತರಿ ಯಂತ್ರ ತಂದು, ಅದನ್ನು ಯಾವ ಕಡೆಯಿಂದ ತಿರುಗಿಸಬೇಕೆಂದು ತಿಳಿಯದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಬಾವ ತಾವಿದ್ದ ಒಳ್ಳೆಯ ಕೆಲಸ ಬಿಟ್ಟು ಬಂದಿದ್ದರು. "ನಿಮ್ಮಕ್ಕ ಕಳಿಸಿದಳು" ಎಂದಷ್ಟೇ ಹೇಳಿ ಯಂತ್ರಕ್ಕೆ ಎಣ್ಣೆ ಬಿಟ್ಟರು. ಅಂದಿನಿಂದ ಸಾಹುಕಾರರು ಸಾಹುಕಾರರಾದರು, ಬಾವ ಮೇಸ್ತ್ರಿಯಾಗಿಯೇ ಉಳಿದರು. ಮಧ್ಯಾಹ್ನ ಇಬ್ಬರೂ ನಡುವಿನ ಮನೆಯ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಮೇಜಿನಲ್ಲಿ ಯಜಮಾನ ಯಾರು, ಆಳು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಗೊತ್ತಾದರೂ ಅದು ತಿರುವುಮುರುವಾಗಿ ಗೊತ್ತಾಗುತ್ತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು. ಆಗ ಸಾಹುಕಾರರು ತರಬೇತಿಗೆ ಹೋದರು.

"ಉದ್ಯೋಗದಾತರಿಗೆ ಕಾನೂನು ತಿಳಿವಳಿಕೆ" ಎಂಬ ಅರ್ಧ ದಿನದ ತರಬೇತಿ. ವಕೀಲರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತ ಮೂರು ಕಾನೂನು ವಿವರಿಸಿದರು. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡಬೇಕು, ಇದು ಮೊದಲನೆಯದು. ಕಾಯಿಲೆ ಬಿದ್ದವನಿಗೆ ರಜೆ ಕೊಟ್ಟು ಅವನ ಕೆಲಸವನ್ನು ಅವನಿಗಾಗಿ ಇಟ್ಟುಕೊಂಡಿರಬೇಕು, ಇದು ಎರಡನೆಯದು. ಕೈಯೋ ಕಾಲೋ ಕಣ್ಣೋ ಊನವಾದವನ ಜೊತೆ ಕೂತು ಮಾತಾಡಿ ಅವನಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು, ಇದು ಮೂರನೆಯದು. ಸಾಹುಕಾರರು ಮೂರಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಫೈಲು ಕೊಂಡರು. ಒಬ್ಬನೇ ಮನುಷ್ಯನಿಗೆ ಮೂರೂ ಒಟ್ಟಿಗೆ ಬಂದರೆ ಏನು ಮಾಡಬೇಕು ಎಂದು ಯಾರೋ ಕೇಳಿದರು. ಅದಕ್ಕೆ ವಕೀಲರು ಉತ್ತರ ಕೊಡುವಾಗಲೇ ಬಾಗಿಲಲ್ಲಿ ಚಹಾ ಬಂತು. ಸಾಹುಕಾರರು ಬಿಸ್ಕತ್ತು ಮುಗಿದುಹೋದೀತೆಂದು ಮುಂಚೆಯೇ ಎದ್ದರು. ಮೂರು ಕಾನೂನು ಒಂದಕ್ಕೊಂದು ಸೇರುವ ಜಾಗದಲ್ಲಿ ಅವರ ಬಳಿ ಎರಡು ಬಿಸ್ಕತ್ತು ಮಾತ್ರ ಇದ್ದವು.

ಇನ್ನೂ ಒಂದು ಎಡವಟ್ಟಾಯಿತು. "ರಜೆಯಲ್ಲಿರುವವರನ್ನು ಕೆಲಸದ ವಿಚಾರಕ್ಕೆ ಮಾತಾಡಿಸಬೇಡಿ" ಎಂದು ವಕೀಲರು ಹೇಳಿದ್ದರು. ಏಳುವ ಅವಸರದಲ್ಲಿ ಸಾಹುಕಾರರು ನಡುವಿನದನ್ನು ಬಿಟ್ಟು "ರಜೆಯಲ್ಲಿರುವವರನ್ನು ಮಾತಾಡಿಸಬೇಡಿ" ಎಂದು ಬರೆದುಕೊಂಡರು. ಅದರ ಕೆಳಗೆ "ತಪ್ಪಾಯ್ತು ಅಂತ ಬಾಯಿ ಬಿಡಬೇಡಿ" ಎಂದೂ, "ಎಲ್ಲವೂ ಬರಹದಲ್ಲಿರಲಿ" ಎಂದೂ ಬರೆದು ಎರಡೆರಡು ಗೆರೆ ಎಳೆದರು. ಸಂಜೆ ಸರ್ಟಿಫಿಕೇಟು ಬಂತು. ಅದಕ್ಕೆ ಕಟ್ಟು ಹಾಕಿಸಿ ಆಫೀಸಿನ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದ ಮೊಳೆಗೇ ತೂಗುಹಾಕಿದರು. ಅಂದಿನಿಂದ ಕಾರ್ಖಾನೆಯಲ್ಲಿ ಕಾನೂನು ಎಲ್ಲರಿಗೂ ಕಾಣುತ್ತಿತ್ತು, ತಾರೀಖು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾರ್ಮಿಕ ಇಲಾಖೆಯಿಂದ ಸುತ್ತೋಲೆ ಬಂತು. ಕಾರ್ಖಾನೆಗಳಲ್ಲಿ ಸುರಕ್ಷತೆಯ ಬಗ್ಗೆ ಸುತ್ತೋಲೆ. ಓದೋಣವೆಂದರೆ ಸಾಹುಕಾರರ ಕನ್ನಡಕ ಮನೆಯಲ್ಲಿತ್ತು. "ಬಾವ, ಒಂಚೂರು ನನ್ನ ಕನ್ನಡಕ ತಂದ್ಕೊಡ್ತೀರಾ? ಮೇಜಿನ ಮೇಲಿದೆ" ಎಂದರು. ಬಾವನ ಬಲ ಮಂಡಿ ಮೊದಲೇ ಅಷ್ಟಕ್ಕಷ್ಟೆ. ಆದರೂ ಅವರು ಕೈಯಲ್ಲಿದ್ದ ರಟ್ಟು ಇಟ್ಟು ಹೋದರು. ಬರುವಾಗ ಮೆಟ್ಟಿಲಲ್ಲಿ ಕಾಲು ಜಾರಿತು. ಸುರಕ್ಷತೆಯ ಸುತ್ತೋಲೆ ಓದಲು ಬೇಕಾದ ಕನ್ನಡಕ ಹಿಡಿದುಕೊಂಡೇ ಬಾವ ಉರುಳಿಕೊಂಡು ಕೆಳಗೆ ಬಂದರು.

ಸಾಹುಕಾರರು ಓಡಿದರು. ಬಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬಾವನ ಮುಖದಲ್ಲಿ ಬೆವರು. ಬಾವ ಕನ್ನಡಕವನ್ನು ಮುಂದೆ ಹಿಡಿದು, "ಒಡೆದಿಲ್ಲ, ನೋಡ್ಕೋ" ಎಂದರು. "ತಪ್ಪಾಯ್ತು ಬಾವ" ಎಂಬ ಮಾತು ಸಾಹುಕಾರರ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅಷ್ಟರಲ್ಲಿ ಎರಡೆರಡು ಗೆರೆ ನೆನಪಾಯಿತು. ಬಂದ ಮಾತನ್ನು ನುಂಗಿ, "ನಿಮಗೆ ಪೆಟ್ಟಾಗಿರುವುದನ್ನು ನಾನು ಗಮನಿಸಿದ್ದೇನೆ" ಎಂದರು.

ಬಾವ ನೋವಿನಲ್ಲೂ ತಲೆಯೆತ್ತಿ ಅವರನ್ನು ನೋಡಿದರು. ತಲೆಗೆ ಪೆಟ್ಟಾಗಿರುವುದು ತನಗೋ ಇವನಿಗೋ ಎಂದು ಅವರಿಗೆ ಅನುಮಾನ ಬಂದಿರಬೇಕು.

ಮಂಡಿಯ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಮಲಗಿರಬೇಕು, ಆಮೇಲೂ ನಿಂತು ಮಾಡುವ ಕೆಲಸ ಆಗದು ಎಂದರು ಡಾಕ್ಟರು. ಸಾಹುಕಾರರು ಮೂರು ಫೈಲನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತರು. ಕೆಲಸದ ಹೊತ್ತಿನಲ್ಲಿ ಬಿದ್ದದ್ದು, ಆದ್ದರಿಂದ ಕೆಂಪು. ಆರು ವಾರ ರಜೆ, ಆದ್ದರಿಂದ ಹಸಿರು. ಮಂಡಿ ಇನ್ನು ಮೊದಲಿನಂತಾಗದು, ಆದ್ದರಿಂದ ನೀಲಿ. ನೀಲಿ ಕಾನೂನು ಕೂತು ಮಾತಾಡು ಎನ್ನುತ್ತದೆ. ಹಸಿರು, ಅವರು ಬರೆದುಕೊಂಡ ಪ್ರಕಾರ, ಮಾತಾಡಲೇಬೇಡ ಎನ್ನುತ್ತದೆ. ಕೆಂಪು, ಮಾತಾಡಿದ್ದೆಲ್ಲ ನಾಳೆ ನಿನ್ನ ಕುತ್ತಿಗೆಗೇ ಬರುತ್ತದೆ ಎನ್ನುತ್ತದೆ. ಮೂರು ಹೆಂಡಿರ ಸಂಸಾರದಲ್ಲಿ ಸಿಕ್ಕಿಬಿದ್ದವನಿಗೂ ಇಷ್ಟು ತಲೆಬಿಸಿ ಆಗಿರಲಾರದು. ಕೊನೆಗೆ ಅವರಿಗೆ ಒಂದು ಉಪಾಯ ಹೊಳೆಯಿತು. ಮಾತಾಡುವುದು ಬೇಡ, ಮಾತಾಡದಿರುವುದೂ ಬೇಡ. ರಿಜಿಸ್ಟರ್ಡ್ ಪತ್ರ ಬರೆದರಾಯಿತು.

ಮೂರು ದಿನದ ಮೇಲೆ ಪೋಸ್ಟ್‌ಮ್ಯಾನ್ ಆ ಪತ್ರ ಹಿಡಿದು ಕಾರ್ಖಾನೆಯ ಬಾಗಿಲಲ್ಲಿ ನಿಂತ.

"ಸಾರ್, ಇದರ ವಿಳಾಸ ಏನೋ ತಪ್ಪಾಗಿದೆ."

"ಸರಿಯಾಗಿದೆ."

"ಇದು ನಿಮ್ಮ ಮೇಲಿನ ಮನೆ."

"ಹೌದು."

"ಕಳಿಸಿರೋರು ನೀವು."

"ಹೌದು."

ಪೋಸ್ಟ್‌ಮ್ಯಾನ್ ಮೆಟ್ಟಿಲ ಕಡೆ ನೋಡಿದ, ಪತ್ರದ ಕಡೆ ನೋಡಿದ. "ಇಲ್ಲಿಂದ ಮೇಲಕ್ಕೆ ಇಪ್ಪತ್ತೆಂಟು ಮೆಟ್ಟಿಲು ಸಾರ್. ಈ ಪತ್ರ ದೊಡ್ಡ ಪೋಸ್ಟಾಫೀಸಿಗೆ ಹೋಗಿ, ಎರಡು ವ್ಯಾನ್ ಹತ್ತಿ, ಮೂರು ದಿನ ಸುತ್ತಿ ಬಂದಿದೆ."

"ಕಾನೂನಿನ ದಾರಿ ಸ್ವಲ್ಪ ಸುತ್ತೇ ಕಣಪ್ಪ" ಎಂದರು ಸಾಹುಕಾರರು ಗಂಭೀರವಾಗಿ. "ನೀನು ಮೇಲೆ ಹೋದಾಗ ಅವರು ಹೇಗಿದ್ದಾರೆ ಅಂತ ಸುಮ್ನೆ ನೋಡ್ಕೊಂಡು ಬಾ. ಕೇಳಬೇಡ. ನೋಡು ಅಷ್ಟೆ."

ಪತ್ರದಲ್ಲಿ ಹೀಗಿತ್ತು: "ಮಾನ್ಯರೇ, ತಮಗೆ ಪೆಟ್ಟಾಗಿರುವುದನ್ನು ಸಂಸ್ಥೆಯು ಗಮನಿಸಿದೆ. ತಮ್ಮ ಕೆಲಸವನ್ನು ತಮಗಾಗಿ ಕಾದಿರಿಸಲಾಗಿದೆ. ತಮಗೆ ಬೇಕಾದ ಅನುಕೂಲಗಳನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು."

ಉತ್ತರ ಹದಿನೈದು ನಿಮಿಷದಲ್ಲೇ ಬಂತು. ಅದೇ ಪತ್ರದ ಹಿಂಬದಿಯಲ್ಲಿ ಬಾವ ಪೆನ್ಸಿಲಿನಲ್ಲಿ ಬರೆದು ಪೋಸ್ಟ್‌ಮ್ಯಾನ್ ಕೈಯಲ್ಲೇ ಕಳಿಸಿದ್ದರು: "ಬೇಕಾದ ಅನುಕೂಲ: ಒಂದು ಸಲ ಮೇಲೆ ಬಂದು ಹೋಗು."

ಇದನ್ನು ಓದಿದವರು ಎದ್ದು ಮೆಟ್ಟಿಲು ಹತ್ತುತ್ತಾರೆ. ಸಾಹುಕಾರರು ಇದನ್ನು ಯಾವ ಫೈಲಿಗೆ ಹಾಕಬೇಕೆಂದು ಯೋಚಿಸಿದರು. ಮೂರು ಜೆರಾಕ್ಸ್ ಮಾಡಿಸಿ ಮೂರಕ್ಕೂ ಹಾಕಿದರು. ಆಮೇಲೆ ತರಬೇತಿಯ ವಕೀಲರಿಗೆ ಫೋನ್ ಮಾಡಿದರು.

"ಸಾರ್, ರಜೆಯಲ್ಲಿರೋ ಕೆಲಸಗಾರರು ಅನುಕೂಲ ಅಂತ ಹೇಳಿ ಯಜಮಾನರನ್ನೇ ಕೇಳಿದ್ದಾರೆ. ಯಜಮಾನರನ್ನ ಅನುಕೂಲದ ಲೆಕ್ಕಕ್ಕೆ ಸೇರಿಸಬಹುದಾ?"

"ಏನು ಕೇಳ್ತಿದ್ದೀರಿ, ಅರ್ಥ ಆಗ್ಲಿಲ್ಲ."

"ಹೋಗಲಿ ಬಿಡಿ ಸಾರ್, ಬರಹದಲ್ಲಿ ಕಳಿಸ್ತೀನಿ" ಎಂದು ಇಟ್ಟರು.

ಒಂದೇ ಕಟ್ಟಡದಲ್ಲಿದ್ದುಕೊಂಡು ಮಾತಾಡದೆ ತಪ್ಪಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಸಾಹುಕಾರರು ಅದನ್ನೊಂದು ವಿದ್ಯೆಯಂತೆ ಕಲಿತರು. ಅಕ್ಕನ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಡಬ್ಬಿಗಳ ರಾಶಿಯ ಹಿಂದೆ ಕೂತುಬಿಡುತ್ತಿದ್ದರು. ಮಧ್ಯಾಹ್ನ ಹೆಂಡತಿ ಬಾವನಿಗೆ ಊಟ ಹಿಡಿದು ಮೇಲಕ್ಕೆ ಹೊರಟರೆ ತಾವು ಒಬ್ಬರೇ ಮೇಜಿನ ಮುಂದೆ ಕೂತು ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತ ಉಣ್ಣುತ್ತಿದ್ದರು.

"ಏನ್ರೀ, ಮೇಲೆ ಅಣ್ಣನವರು ದಿನಾ ಕೇಳ್ತಾರೆ, ಅವನಿಗೆ ಮೈಗೆ ಹುಷಾರಿಲ್ವಾ ಅಂತ. ನಾನು ಏನಂತ ಹೇಳ್ಲಿ?" ಎಂದಳು ಹೆಂಡತಿ.

"ಏನೂ ಹೇಳಬೇಡ. ನೀನು ಹೇಳಿದ್ರೂ ನಾನು ಹೇಳಿದ ಹಾಗೇ ಆಗುತ್ತೆ."

"ನೀವು ಹೇಳದೇ ಇದ್ರೆ ಏನಾಗುತ್ತೆ ಅಂತ ಆ ತರಬೇತೀಲಿ ಹೇಳಿಕೊಟ್ರಾ?"

ಅದನ್ನು ಹೇಳಿಕೊಟ್ಟಿರಲಿಲ್ಲ. ಸಾಹುಕಾರರು ಎದ್ದು ಕೈ ತೊಳೆದರು.

ಒಂದು ದಿನ ಅಕ್ಕನ ಕೈಗೆ ಸಿಕ್ಕಿಯೇಬಿಟ್ಟರು. ಅವಳು ಅಂದು ಬರಿಗಾಲಲ್ಲಿ ಇಳಿದಿದ್ದಳು. ಡಬ್ಬಿಗಳ ರಾಶಿಯ ಹಿಂದಿನಿಂದ ತಮ್ಮನ ತಲೆ ಕಂಡಿತು.

"ಏನೋ ಇದು? ನಿಮ್ಮ ಬಾವ ಏನು ಪರಪುರುಷರಾ ನಿನಗೆ, ತಲೆ ತಪ್ಪಿಸ್ಕೊಂಡು ತಿರುಗೋಕೆ?"

"ಅಕ್ಕ, ದಯವಿಟ್ಟು ಬರಹದಲ್ಲಿ ಕೊಡು."

"ಬರಹದಲ್ಲಿ ಕೊಡ್ತೀನಿ, ಬೆನ್ನ ಮೇಲೆ" ಎಂದಳು ಅಕ್ಕ. ಅವಳ ದನಿ ಜಗಳದ್ದಾಗಿತ್ತು, ಕಣ್ಣು ಮಾತ್ರ ತುಂಬಿತ್ತು. ಸಾಹುಕಾರರು ದನಿಗೆ ಉತ್ತರ ಹುಡುಕಿದರು, ಕಣ್ಣನ್ನು ನೋಡಲಿಲ್ಲ. ಇದನ್ನು ಅವರು ಆಮೇಲೆ ಎಷ್ಟೋ ಸಲ ನೆನೆದು ಕೊರಗಿದ್ದಾರೆ.

ಬೀದಿಯವರು ಸುಮ್ಮನಿರುತ್ತಾರೆಯೇ? ಕೆಳಗಿನಿಂದ ಮೇಲಕ್ಕೆ ರಿಜಿಸ್ಟರ್ಡ್ ಪತ್ರ ಹೋಗುತ್ತಿದೆ ಎಂದರೆ ಅದು ಆಸ್ತಿಯ ವ್ಯಾಜ್ಯವೇ ಎಂದು ಪಕ್ಕದ ಅಂಗಡಿಯ ದರ್ಜಿ ತೀರ್ಮಾನಿಸಿದ. ಎದುರಿನ ಗಡಿಯಾರದ ಅಂಗಡಿಯವನು ಅದಕ್ಕೆ ಕೋರ್ಟಿನ ವಾಯಿದೆಯ ದಿನವನ್ನೂ ಸೇರಿಸಿದ. ಮೂರನೆಯ ವಾರ ಸುದ್ದಿ ಸೋದರಮಾವನ ಕಿವಿ ಮುಟ್ಟಿತು. ಎಂಬತ್ತು ದಾಟಿದ ಆ ಮುದುಕರು ಅಳತೆಯ ಟೇಪು, ಸ್ಟಾಂಪ್ ಪೇಪರು ಹಿಡಿದು ರಿಕ್ಷಾದಲ್ಲಿ ಇಳಿದರು.

"ಅಕ್ಕ ತಮ್ಮ ಕೋರ್ಟಿಗೆ ಹೋಗೋದು ಬೇಡ. ನಾನೇ ಪಾಲು ಮಾಡಿಕೊಡ್ತೀನಿ. ಮೇಲಿನದು ಅವಳಿಗೆ, ನಡುವಿನದು ನಿನಗೆ. ಕಾರ್ಖಾನೆ ಇಬ್ಬರಿಗೂ ಸಮ. ಈಗ ಮೆಟ್ಟಿಲು ಯಾರಿಗೆ, ಅದನ್ನ ಹೇಳು."

"ಮಾವ, ಪಾಲಿನ ಮಾತೇ ಇಲ್ಲ. ಇದು ಕಾರ್ಮಿಕ ಕಾನೂನು."

"ಅದ್ಯಾವುದೋ, ಎಲ್ಲ ಒಂದೇ. ಮೆಟ್ಟಿಲು ಅವಳಿಗೆ ಕೊಟ್ರೆ ನೀನು ಮನೆಗೆ ಹೋಗೋದು ಹೇಗೆ? ನಿನಗೆ ಕೊಟ್ರೆ ಅವಳು ಇಳಿಯೋದು ಹೇಗೆ?" ಎನ್ನುತ್ತ ಮಾವ ಟೇಪು ಬಿಚ್ಚಿ ಅಳೆಯತೊಡಗಿದರು. ಒಂಬತ್ತನೆಯ ಮೆಟ್ಟಿಲಿಗೆ ಉಸಿರು ಕಟ್ಟಿ ಕೂತುಬಿಟ್ಟರು. ಅವರನ್ನು ಅಂಟು ಹಚ್ಚುವ ಇಬ್ಬರು ಹೆಂಗಸರು ಎತ್ತಿ ಇಳಿಸಬೇಕಾಯಿತು. ಮಾವ ಕಾರ್ಖಾನೆಯ ಕೆಲಸಗಾರರಲ್ಲ, ಆದ್ದರಿಂದ ಅವರು ಯಾವ ಫೈಲಿಗೂ ಬರುವುದಿಲ್ಲ ಎಂದು ಸಾಹುಕಾರರಿಗೆ ಸ್ವಲ್ಪ ನೆಮ್ಮದಿಯಾಯಿತು.

ಕಥೆ ನಗುವ ಮಾತಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಇಲಾಖೆಗೆ ತುಂಬಿ ಕೊಡಬೇಕಾದ ಅಪಘಾತದ ಫಾರಂ ಬಂತು. ಅದರ ಏಳನೆಯ ಪ್ರಶ್ನೆ: "ಗಾಯವಾದ ಸಮಯದಲ್ಲಿ ಕೆಲಸಗಾರರು ಏನು ಮಾಡುತ್ತಿದ್ದರು? ಸಂಸ್ಥೆಯ ಕೆಲಸವೇ, ಸ್ವಂತ ಕೆಲಸವೇ?"

ಸಾಹುಕಾರರ ಪೆನ್ನು ಗಾಳಿಯಲ್ಲಿ ನಿಂತಿತು. ನಾನೇ ಕಳಿಸಿದೆ ಎಂದು ಬರೆದರೆ ಕಾರ್ಖಾನೆಗೆ ಬೀಗ ಹಾಕುತ್ತಾರೋ ಏನೋ, ಹದಿನಾಲ್ಕು ಸಂಸಾರ ಬೀದಿಗೆ ಬೀಳುತ್ತದೋ ಏನೋ ಎಂದು ಅವರಿಗೆ ಭಯ. ಹಾಗೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅರ್ಧ ತಿಳಿದವನ ಭಯಕ್ಕೆ ಯಾರೂ ಹೇಳಬೇಕಾಗಿಲ್ಲ. ಮತ್ತೆ ವಕೀಲರಿಗೆ ಫೋನ್ ಮಾಡಿದರು.

"ಸಾರ್, ಮೇಸ್ತ್ರಿ ಒಬ್ಬರು ಕೆಲಸದ ಮಧ್ಯೆ ಕನ್ನಡಕ ತರೋಕೆ ಮನೆಗೆ ಹೋಗಿ ಬಿದ್ರು ಅಂತಿಟ್ಕೊಳ್ಳಿ. ಅದು ಯಾವ ಕೆಲಸ?"

"ತಮ್ಮ ಕನ್ನಡಕ ತಾವು ತರೋಕೆ ಹೋದ್ರೆ ಸ್ವಂತ ಕೆಲಸ ಅಂತ ವಾದ ಮಾಡಬಹುದು. ಯಾರ ಕನ್ನಡಕ ಅದು?"

"ನನ್ನದು" ಎಂಬ ಮೂರಕ್ಷರ ಸಾಹುಕಾರರ ಗಂಟಲಲ್ಲಿ ಸಿಕ್ಕಿಕೊಂಡಿತು. "ಲೈನ್ ಸರಿಯಿಲ್ಲ ಸಾರ್" ಎಂದು ಫೋನ್ ಇಟ್ಟರು. ಫಾರಂನಲ್ಲಿ "ಸ್ವಂತ ಕೆಲಸ" ಎಂದು ಬರೆದರು. ಅಷ್ಟು ಚಿಕ್ಕ ಅಕ್ಷರದಲ್ಲಿ ಅವರು ಬೇರೇನನ್ನೂ ಬರೆದದ್ದಿಲ್ಲ. ಒಂದು ಪ್ರತಿ ಇಲಾಖೆಗೆ, ಒಂದು ಪ್ರತಿ ಕೆಲಸಗಾರರಿಗೆ ಕೊಡತಕ್ಕದ್ದು ಎಂದು ಫಾರಂನ ಕೊನೆಯಲ್ಲಿತ್ತು. ನಿಯಮಕ್ಕೆ ತಪ್ಪುವವರಲ್ಲ ಸಾಹುಕಾರರು. ಇನ್ನೊಂದು ರಿಜಿಸ್ಟರ್ಡ್ ಪತ್ರ ಎರಡು ವ್ಯಾನ್ ಹತ್ತಿ ಮೇಲಿನ ಮನೆಗೆ ಬಂತು.

ಈ ಸಲ ಹಿಂಬದಿಯಲ್ಲಿ ಪೆನ್ಸಿಲಿನ ಉತ್ತರ ಬರಲಿಲ್ಲ. ಅಂದಿನಿಂದ ಹೆಂಡತಿಯೂ ಅಣ್ಣನವರು ಕೇಳಿದರು ಎಂದು ಹೇಳುವುದನ್ನು ನಿಲ್ಲಿಸಿದಳು. ಬಾವ ಕೇಳುವುದನ್ನೇ ಬಿಟ್ಟಿದ್ದರು.

ಐದನೆಯ ವಾರ ಇಲಾಖೆಯ ಇನ್ಸ್‌ಪೆಕ್ಟರ್ ಮೇಡಂ ಬಂದರು. ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಸಾಹುಕಾರರು ಅವರನ್ನು ಮೊದಲು ಸರ್ಟಿಫಿಕೇಟಿನ ಎದುರು ನಿಲ್ಲಿಸಿದರು, ಆಮೇಲೆ ಮೂರು ಫೈಲನ್ನು ಒಂದೊಂದಾಗಿ ತೆರೆದು ತೋರಿಸಿದರು. ಮೂರರಲ್ಲೂ ಇದ್ದ "ಒಂದು ಸಲ ಮೇಲೆ ಬಂದು ಹೋಗು" ಎಂಬ ಜೆರಾಕ್ಸನ್ನು ಮೇಡಂ ಮೂರು ಸಲವೂ ಓದಿದರು.

"ಹೋಗಿದ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ. ಕಾನೂನು ಮೀರಿಲ್ಲ."

ಮೇಡಂ ಫೈಲು ಮುಚ್ಚಿಟ್ಟು ಮೆಟ್ಟಿಲು ಹತ್ತಿದರು. ಸಾಹುಕಾರರು ನಡುವಿನ ಮನೆಯವರೆಗೆ ಹಿಂದೆಯೇ ಹೋಗಿ ಅಲ್ಲೇ ನಿಂತರು. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಐದು ವಾರದ ಮೇಲೆ ಅವರು ಬಾವನ ದನಿ ಕೇಳುತ್ತಿದ್ದದ್ದು ಅದೇ ಮೊದಲು.

"ಬಿದ್ದಾಗ ಯಾವ ಕೆಲಸಕ್ಕೆ ಹೋಗಿದ್ರಿ? ಫಾರಂನಲ್ಲಿ ಸ್ವಂತ ಕೆಲಸ ಅಂತಿದೆ."

ಕೆಳಗೆ ಸಾಹುಕಾರರು ಗೋಡೆ ಹಿಡಿದು ನಿಂತರು. ಬಾವ ನಿಜ ಹೇಳಲಿ ಎಂದು ಬೇಡಿಕೊಂಡರೋ, ಹೇಳದಿರಲಿ ಎಂದು ಬೇಡಿಕೊಂಡರೋ ಅವರಿಗೇ ಗೊತ್ತಿಲ್ಲ.

"ಅವನು ಬರೆದಿದ್ದಾನಲ್ಲ ಮೇಡಂ, ಹಾಗೇ ಇರ್ಲಿ" ಎಂದರು ಬಾವ. "ಅವನ ಕೆಲಸ ನನ್ನ ಸ್ವಂತ ಕೆಲಸ ಅಂತಲೇ ಇಪ್ಪತ್ತಾರು ವರ್ಷ ಮಾಡಿದೀನಿ. ಸುಳ್ಳೇನಿಲ್ಲ ಅದರಲ್ಲಿ."

ಮೇಡಂ ಇಳಿದು ಬಂದು ಏನಾದರೂ ಕೇಳುವ ಮೊದಲೇ ಸಾಹುಕಾರರು, "ನನ್ನ ಕನ್ನಡಕ ಮೇಡಂ. ನಾನೇ ಕಳಿಸಿದ್ದು. ಮಂಡಿ ನೋವಿದೆ ಅಂತ ಗೊತ್ತಿದ್ದೂ ಕಳಿಸಿದೆ" ಎಂದರು. ಐದು ವಾರ ಗಂಟಲಲ್ಲಿದ್ದದ್ದು ಕೊನೆಗೂ ಹೊರಗೆ ಬಂತು. ಆದರೆ ಹೇಳಬೇಕಾದವರ ಎದುರಲ್ಲ, ಇಲಾಖೆಯ ಎದುರು.

ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತರು. "ನೀವು ಕಳಿಸಿದ್ದು, ಕೆಲಸದ ಹೊತ್ತಲ್ಲಿ, ಕೆಲಸದ ಕಾಗದ ಓದೋಕೆ. ಪರಿಹಾರ ಅವರಿಗೆ ಬರಬೇಕು, ಬರುತ್ತೆ. ಫಾರಂ ತಿದ್ದಿ ಕೊಡಿ. ಕಾರ್ಖಾನೆಗೆ ಬೀಗ ಯಾರೂ ಹಾಕಲ್ಲ. ವಾಪಸ್ ಬಂದಾಗ ಕೂತು ಕೆಲಸ ಮಾಡೋ ಹಾಗೆ ಮೇಜು ತಗ್ಗಿಸಿ ಕೊಡಿ, ಅದನ್ನ ಅವರನ್ನೇ ಕೇಳಿ ಮಾಡಿ. ಅಲ್ಲಿವರೆಗೆ ಕೆಲಸಕ್ಕೆ ಬಾ ಅಂತ ಪೀಡಿಸಬೇಡಿ. ಇಷ್ಟೇ ಮೂರು ಕಾನೂನು."

"ರಜೆಯಲ್ಲಿರುವವರನ್ನ ಮಾತಾಡಿಸಬಾರದು ಅಂತ..."

"ಕೆಲಸದ ವಿಚಾರಕ್ಕೆ. ಹೇಗಿದ್ದೀರಿ ಅಂತ ಕೇಳೋದನ್ನ ತಡೆಯೋ ಕಾನೂನು ನಮ್ಮಲ್ಲಿ ಇನ್ನೂ ಯಾರೂ ಮಾಡಿಲ್ಲ" ಎಂದರು ಮೇಡಂ. "ಮೂರೂ ಇರೋದು ಅವರ ಪಕ್ಕ ನಿಲ್ಲೋಕೆ. ನೀವು ಮೂರರ ಹಿಂದೆ ಬಚ್ಚಿಟ್ಕೊಂಡ್ರಿ."

ಅವರು ಹೋದ ಮೇಲೆ ಸಾಹುಕಾರರು ಒಂದು ಗಳಿಗೆಯೂ ಸುಮ್ಮನೆ ಕೂರಲಿಲ್ಲ. ಫಾರಂ ತಿದ್ದಿ ದೊಡ್ಡ ಅಕ್ಷರದಲ್ಲಿ ಬರೆದರು. ಬಡಗಿಯನ್ನು ಕರೆಸಿ ಕತ್ತರಿಸುವ ಮೇಜಿನ ಕಾಲು ಒಂದು ಗೇಣು ಕೊಯ್ಯಿಸಿದರು. ಬೆನ್ನಿಗೆ ಆನಿಕೆ ಇರುವ ಕುರ್ಚಿ ತರಿಸಿದರು. ಎತ್ತರ ಸರಿಯೋ ಎಂದು ತಾವೇ ಕೂತು ನೋಡಿದರು. ಮೇಡಂ ಹೇಳಿದ ಒಂದು ಮಾತನ್ನು ಈ ಉತ್ಸಾಹದಲ್ಲಿ ಮರೆತರು. ಬಾವನನ್ನು ಕೇಳಿ ಮಾಡಿ ಎಂದಿದ್ದರು ಅವರು. ಎಲ್ಲ ಸಿದ್ಧ ಮಾಡಿಯೇ ಮೇಲೆ ಹೋಗಿ ಕ್ಷಮೆ ಕೇಳಬೇಕು, ಬರಿಗೈಯಲ್ಲಿ ಹೋಗಬಾರದು ಎಂದು ಸಾಹುಕಾರರ ಹಟ. ಹೀಗೆ ಇನ್ನೂ ಆರು ದಿನ ಕಳೆಯಿತು. ಬುದ್ಧಿ ಬಂದ ಮೇಲೂ ಮನುಷ್ಯ ತಡಮಾಡುತ್ತಾನೆ, ಬುದ್ಧಿಗೆ ಇಸ್ತ್ರಿ ಮಾಡಿಸಲು ಹೋಗಿರುತ್ತಾನೆ.

ಏಳನೆಯ ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಕಾಲಿಡುವ ಹೊತ್ತಿಗೆ ಸರಿಯಾಗಿ ಪೋಸ್ಟ್‌ಮ್ಯಾನ್ ಬಂದ. ಈ ಸಲ ಅವನು ಏನೂ ಕೇಳಲಿಲ್ಲ. ತಲೆ ತಗ್ಗಿಸಿ ರಿಜಿಸ್ಟರ್ಡ್ ಪತ್ರವೊಂದನ್ನು ಕೊಟ್ಟು ಸಹಿ ಹಾಕಿಸಿಕೊಂಡ. ಕಳಿಸಿದವರ ವಿಳಾಸ ಮೇಲಿನ ಮನೆಯದು. ಒಳಗೆ ಬಾವನ ಗುಂಡು ಅಕ್ಷರ: "ಮಾನ್ಯರೇ, ನನ್ನ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಸಂಸ್ಥೆಯು ಗಮನಿಸತಕ್ಕದ್ದು."

ಸಾಹುಕಾರರು ಇಪ್ಪತ್ತೆಂಟು ಮೆಟ್ಟಿಲನ್ನು ಹೇಗೆ ಹತ್ತಿದರೋ ತಿಳಿಯದು. ಬಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು, ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಬಡಕಲಾಗಿದ್ದರು. ಅಕ್ಕ ತಮ್ಮನನ್ನು ನೋಡಿ ಒಂದು ಮಾತೂ ಆಡದೆ ಒಳಗೆ ಹೋದಳು. ಬೈದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

"ಬಾ, ಕೂತ್ಕೋ" ಎಂದರು ಬಾವ. "ಈಗ ಬರಬಹುದಲ್ಲ? ನಾನು ರಜೆಯಲ್ಲಿಲ್ಲ, ಕೆಲಸದಲ್ಲೂ ಇಲ್ಲ. ನಿನ್ನ ಯಾವ ಫೈಲಿಗೂ ಬರಲ್ಲ."

"ತಪ್ಪಾಯ್ತು ಬಾವ."

"ಗೊತ್ತು."

"ಫಾರಂ ತಿದ್ದಿದೀನಿ. ಪರಿಹಾರ ಬರುತ್ತೆ. ಮೇಜಿನ ಕಾಲು ಕೊಯ್ಸಿದೀನಿ, ಕೂತೇ ಕೆಲಸ ಮಾಡಬಹುದು. ಈ ಕಾಗದ ವಾಪಸ್ ತಗೊಳ್ಳಿ."

"ಎಷ್ಟು ಕೊಯ್ಸಿದೆ?"

"ಒಂದು ಗೇಣು."

ಬಾವ ಕಣ್ಣು ಕಿರಿದು ಮಾಡಿ ತಮ್ಮ ಚಾಚಿದ ಕಾಲನ್ನೇ ಅಳೆದರು. "ಮೂರು ಬೆರಳು ಜಾಸ್ತಿ ಆಯ್ತು. ಮಂಡಿ ತಗಲುತ್ತೆ. ಕೇಳಬೇಕಿತ್ತು ನನ್ನ" ಎಂದರು. ಆಮೇಲೆ ಮೆಲ್ಲಗೆ, "ಹೋಗಲಿ. ಚಪ್ಪಲಿ ಫ್ಯಾಕ್ಟರಿಯವರು ಕರೆದಿದ್ದಾರೆ. ಕೂತು ಡಬ್ಬಿ ನಮೂನೆ ಬರೆದುಕೊಡೋ ಕೆಲಸ. ಸೋಮವಾರದಿಂದ ಹೋಗ್ತೀನಿ" ಎಂದರು.

"ನನ್ನ ಮೇಲೆ ಸಿಟ್ಟಿಗಾ ಬಾವ?"

"ಸಿಟ್ಟು ಇಳಿದು ಎಷ್ಟೋ ದಿನ ಆಯ್ತಪ್ಪ. ನಿನ್ನ ಕೆಲಸದಲ್ಲಿದ್ರೆ ನಾಳೆ ನನಗೆ ಇನ್ನೇನೋ ಆದಾಗ ನೀನು ಮತ್ತೆ ಹೆದರ್ತೀಯ, ಮತ್ತೆ ಡಬ್ಬಿ ಹಿಂದೆ ಕೂತ್ಕೊಳ್ತೀಯ. ಕತ್ತರಿಸೋಕೆ ರಟ್ಟು ಬೇರೆ ಕಡೆನೂ ಸಿಗುತ್ತೆ. ಬಾಮೈದ ಇರೋದು ನೀನೊಬ್ಬನೇ. ಎರಡರಲ್ಲಿ ಒಂದನ್ನ ಬಿಡಬೇಕು ಅಂತಾಯ್ತು, ಕೆಲಸ ಬಿಟ್ಟೆ."

ಸಾಹುಕಾರರು ಅತ್ತರು. ಸಾಹುಕಾರರಾದ ಮೇಲೆ ಅವರು ಯಾರೆದುರೂ ಅತ್ತವರಲ್ಲ. ಬಾವ ಅವರನ್ನು ತಡೆಯಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕೂತರು. ಒಳಗಿನಿಂದ ಅಕ್ಕ ಎರಡು ಲೋಟ ಚಹಾ ತಂದಿಟ್ಟು ಹೋದಳು. ಅದು ತಣ್ಣಗಾಗುವವರೆಗೆ ಇಬ್ಬರೂ ಮುಟ್ಟಲಿಲ್ಲ.

ಕೊನೆಗೆ ಸಾಹುಕಾರರು ಮುಖ ಒರೆಸಿಕೊಂಡು, ನಲವತ್ತೆರಡು ದಿನದಿಂದ ಕೇಳಬೇಕಾಗಿದ್ದದ್ದನ್ನು ಕೇಳಿದರು. "ಮಂಡಿ ನೋವು ಹೇಗಿದೆ ಬಾವ?"

"ಹೋದ ವಾರವೇ ನಿಂತುಹೋಯ್ತು" ಎಂದರು ಬಾವ. "ಇದ್ದಾಗ ಕೇಳಬೇಕಿತ್ತು ಕಣಪ್ಪ."